ಎದುರುಮನೆ ಅಕ್ಕನ ಸಾಲಿ

ಎದುರುಮನೆ ಅಕ್ಕನ ಕೈಗೆ ಸಿಕ್ಕ ಬೆರಳನ್ನು ಬಿಡಿಸಿಕೊಳ್ಳುವುದು ಸುಲಭವಾಗಿರಲಿಲ್ಲ. ಉದ್ದನೆಯ, ನರ ಎದ್ದು ಕಾಣುವ ಕೈ. ಮಾತಾಡುವಾಗ ಎದುರಿಗಿದ್ದವರ ಬೆರಳು ಹಿಡಿದೇ ಮಾತಾಡಬೇಕು. ಒಂದು ಎನ್ನುವಾಗ ಒಂದು ಬೆರಳನ್ನು ಅದುಮುವರು, ಅರ್ಧ ಎನ್ನುವಾಗ ನಡುಗೆಣ್ಣು ಹಿಸುಕುವರು. ಕೋಪ ಬಂದಿದ್ದರಂತೂ ಮಾತು ಮುಗಿಯುವ ಹೊತ್ತಿಗೆ ನಮ್ಮ ಕೈ ಕೆಂಪಗಾಗಿರುತ್ತಿತ್ತು. ಅವರಿಗೆ ಕೋಪ ಬರದ ದಿನ ಕಡಿಮೆ.

ಈ ಚಾಳಿ ಅಂಟಿದ್ದು ತಂದೆಯಿಂದ. ಅವರು ಆದೋನಿಯ ಹತ್ತಿ ಬಜಾರಿನಲ್ಲಿ ದಲಾಲಿ ಮಾಡುತ್ತಿದ್ದರು. ಆಗ ಬಜಾರಿನಲ್ಲಿ ದರವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ದಲಾಲನೂ ಕೊಳ್ಳುವವನೂ ಒಂದು ಟವಲಿನ ಕೆಳಗೆ ಕೈಯಿಟ್ಟು, ಒಬ್ಬರ ಬೆರಳನ್ನೊಬ್ಬರು ಹಿಡಿದು ದರ ಕುದುರಿಸುತ್ತಿದ್ದರು. ಇಡೀ ಬೆರಳು ಒಂದು, ತುದಿಗೆಣ್ಣು ಕಾಲು, ನಡುಗೆಣ್ಣು ಅರ್ಧ, ಬುಡ ಮುಕ್ಕಾಲು. ಹತ್ತಿ ಬೆಳೆದ ರೈತ ಪಕ್ಕದಲ್ಲೇ ನಿಂತು ಟವಲು ಅಲ್ಲಾಡುವುದನ್ನು ನೋಡುತ್ತಿದ್ದ. ಕೆಳಗೇನಾಯಿತು ಎನ್ನುವುದು ಅವನಿಗೆ ಎಲ್ಲ ಮುಗಿದ ಮೇಲೆ ಗೊತ್ತಾಗುತ್ತಿತ್ತು. ಬಜಾರಿನವರು ಕಾಪಾಡಿಕೊಂಡು ಬಂದ ಈ ಗುಟ್ಟನ್ನು ತಂದೆ ಒಬ್ಬಳೇ ಮಗಳಿಗೆ ಆಟವಾಡಿಸುತ್ತ ಕಲಿಸಿಬಿಟ್ಟಿದ್ದರು.

ಅಕ್ಕನನ್ನು ಹೊಳಗುಂದದ ಕಡೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಂದು ಮದುವೆ ಮಾಡಿಕೊಂಡ. ಅಕ್ಕ ತಮ್ಮ ಟ್ರಂಕನ್ನು ತಾವೇ ಎತ್ತಿ ಬಂಡಿಗೆ ಹಾಕಿಕೊಂಡು ತವರಿಗೆ ಬಂದರು. ಓಣಿಯ ಹೆಂಗಸರು ಅಳಲು ಸಿದ್ಧರಾಗಿ, ಸೆರಗು ಕೈಯಲ್ಲಿ ಹಿಡಿದುಕೊಂಡೇ ಬಂದರು. ಅಕ್ಕ ಬಾಗಿಲಲ್ಲೇ ಅವರನ್ನು ತಡೆದರು.

“ಅಳೋದಿದ್ರ ನಿಮ್ಮ ಮನ್ಯಾಗ ಅತ್ತು ಬರ್ರಿ. ನಾ ಬಳ್ಳಾರಿಗೆ ಮಾಸ್ತರ ಟ್ರೈನಿಂಗಿಗೆ ಹೊಂಟೀನಿ.”

ಬಂದವರು ಹಿಡಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿರುಗಿದರು. ಆಗಿನ್ನೂ ಚಿಕ್ಕ ಹುಡುಗಿಯಾಗಿದ್ದ ನಾನು ನಮ್ಮ ಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಅವತ್ತು ನನಗಾದ ಖುಷಿಯನ್ನು ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ. ನಮ್ಮದು ಮಡಿ-ಮೈಲಿಗೆಯ ವೈಷ್ಣವರ ಮನೆ, ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಹೆಣ್ಣು ಹಾಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಊರಿಗೆ ಊರೇ ಬುದ್ಧಿ ಹೇಳಲು ನಿಂತಿತು. ನಿಜಕ್ಕೂ ಮಾಸ್ತರಿಕೆಯ ಕೆಲಸ ಆಗ ಎಲ್ಲೂ ಇರಲಿಲ್ಲ. ಇದ್ದರೂ ಸಾಲಿಗಳನ್ನು ನಡೆಸುತ್ತಿದ್ದ ಜಿಲ್ಲಾ ಬೋರ್ಡಿನವರು ಕೇಳುತ್ತಿದ್ದದ್ದು ತೆಲುಗು ಕಲಿಸುವವರನ್ನು. ನಮ್ಮ ಓಣಿಯಲ್ಲೇ ಟ್ರೈನಿಂಗ್ ಮುಗಿಸಿದ ಮಾಸ್ತರೊಬ್ಬರು ಹತ್ತಿಯ ಬೀಜ ಬಿಡಿಸುವ ಜಿನ್ನು ಕಾರ್ಖಾನೆಯಲ್ಲಿ ಹತ್ತಿ ತೂಗುತ್ತಿದ್ದರು. ಅವರೇ ಬಂದು ಅಕ್ಕನಿಗೆ ಹೇಳಿದರು:

“ಬ್ಯಾಡಮ್ಮಾ. ನಾ ಕಲ್ತೀನಲ್ಲ, ನನ್ನ ನೋಡು. ಎರಡು ವರ್ಷ ವ್ಯರ್ಥ. ಕೆಲಸ ಎಲ್ಲೈತಿ ಹೇಳು?”

“ಕೆಲಸ ಇಲ್ಲಂತ ನೀವು ಕಲ್ತಿದ್ದು ಮರ್ತೀರೇನು ಮಾಸ್ತರೆ?”

“ಮರ್ತಿಲ್ಲವ್ವಾ.”

“ಮತ್ತ ವ್ಯರ್ಥ ಹೆಂಗಾತು? ಕೆಲಸ ಕೊಡೋದು ಬಿಡೋದು ಬೋರ್ಡಿನೋರ ಕೈಯಾಗ ಐತಿ. ಕಲಿಯೋದಕ್ಕ ಅವರ ಅಪ್ಪಣಿ ಯಾಕ?”

ಮಾಸ್ತರು ನಕ್ಕು ಎದ್ದು ಹೋದರು. ಆಮೇಲೆ ಅವರೇ ತಮ್ಮ ಹಳೆಯ ಪಾಠದ ಪುಸ್ತಕಗಳನ್ನು ಮಗನ ಕೈಯಲ್ಲಿ ಕಳಿಸಿಕೊಟ್ಟರಂತೆ.

ಅಕ್ಕ ಬಳ್ಳಾರಿಯಿಂದ ರಜೆಗೆ ಬಂದಾಗಲೆಲ್ಲ ಅವರ ಪಡಸಾಲೆ ಸಾಲಿಯಾಗುತ್ತಿತ್ತು. ಪರೀಕ್ಷಕರೆದುರು ಮಾದರಿ ಪಾಠ ಮಾಡಿ ತೋರಿಸಬೇಕು, ಅದರ ತಾಲೀಮು ನಮ್ಮ ಮೇಲೆ. ಓಣಿಯ ಹುಡುಗಿಯರೆಲ್ಲ ಸೇರುತ್ತಿದ್ದೆವು. ಜಿನ್ನಿನಲ್ಲಿ ಹತ್ತಿ ಆರಿಸುವವರ ಮಕ್ಕಳು ತಲೆತುಂಬ ಹತ್ತಿಯ ಎಳೆ ಅಂಟಿಸಿಕೊಂಡು ಬಂದು ನಮ್ಮ ಜೊತೆಗೇ ಕೂರುತ್ತಿದ್ದರು. ಕಡಪಾ ಕಲ್ಲಿನ ಕರಿ ಚಪ್ಪಡಿಯೊಂದನ್ನು ಗೋಡೆಗೆ ಆನಿಸಿ ಅಕ್ಕ ಹಲಗೆ ಮಾಡಿಕೊಂಡಿದ್ದರು. ಆ ಹಲಗೆಯ ಮೇಲೆ ಕಾಲು, ಅರ್ಧ, ಮುಕ್ಕಾಲು ಎಂದು ಎಷ್ಟು ಬರೆದರೂ ನಮ್ಮ ತಲೆಗೆ ಹತ್ತಲಿಲ್ಲ. ಒಂದು ದಿನ ಅಕ್ಕ ಸೀಮೆಸುಣ್ಣ ಬಿಸಾಕಿ ನನ್ನ ಬೆರಳು ಹಿಡಿದರು. ತುದಿಗೆಣ್ಣು ಕಾಲು. ಎರಡು ಕಾಲು ಸೇರಿದರೆ ನಡುಗೆಣ್ಣು. ಅದಕ್ಕೆ ಇನ್ನೊಂದು ಕಾಲು ಸೇರಿಸಿದರೆ ಎಲ್ಲಿಗೆ ಬಂದಿ? ಬುಡಕ್ಕೆ. ವಾರ ಕಳೆಯುವುದರೊಳಗೆ ನಾವು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಲೆಕ್ಕ ಮಾಡುತ್ತ ಓಣಿಯಲ್ಲಿ ಓಡಾಡುತ್ತಿದ್ದೆವು. ಯಾರ್ಯಾರ ಕೈಯನ್ನೋ ಹಿಡಿದು ಬಂದೆನೆಂದು ನಮ್ಮಮ್ಮ ನನಗೆ ದಿನಾ ಬಾವಿಕಟ್ಟೆಯಲ್ಲಿ ತಣ್ಣೀರು ಸುರಿಯುತ್ತಿದ್ದಳು. ನೀರು ಸುರಿಯುವಾಗಲೂ ನಾನು ಗೆಣ್ಣು ಎಣಿಸುತ್ತಿದ್ದೆ.

ಸುದ್ದಿ ಬಜಾರಿಗೆ ಮುಟ್ಟಿತು. ಹತ್ತಿ ಮಾರಲು ಬಂದ ರೈತನ ಮಗಳೊಬ್ಬಳು, ಟವಲಿನ ಅಂಚಿನಿಂದ ಇಣುಕಿ ಕೆಳಗಿನ ದರವನ್ನು ಅಪ್ಪನಿಗೆ ಗಟ್ಟಿಯಾಗಿ ಕೂಗಿ ಹೇಳಿಬಿಟ್ಟಳಂತೆ. ಆಕೆ ನಮ್ಮ ಪಡಸಾಲೆಯ ವಿದ್ಯಾರ್ಥಿನಿ. ಅವತ್ತೇ ಸಂಜೆ ದಲಾಲರು ಗುಂಪಾಗಿ ಬಂದು ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತರು. ಅವರ ಯಜಮಾನರು ಅಕ್ಕನ ತಂದೆಯನ್ನೇ ನೋಡಿ ಮಾತಾಡಿದರು, ಅಕ್ಕನ ಕಡೆ ತಿರುಗಲೂ ಇಲ್ಲ.

“ನೋಡಪಾ, ಬಜಾರಿನ ವಿದ್ಯಾ ಬಜಾರಿನಾಗ ಇರಬೇಕು. ನಿನ್ನ ಮಗಳು ಅದನ್ನ ಬೀದಿಗೆ ಹಾಕ್ಯಾಳ. ಬಂದ್ ಮಾಡ್ಸು. ಇಲ್ಲಾಂದ್ರ ನಾಳಿಯಿಂದ ನಿನ್ನ ಟವಲಿನ ಕೆಳಗ ಯಾರೂ ಕೈ ಇಡೂದಿಲ್ಲ.”

ಅಕ್ಕ ಒಳಗಿನಿಂದ ಬಂದು ಕಂಬದ ಪಕ್ಕ ನಿಂತರು.

“ಯಜಮಾನರೆ, ನನ್ನ ಕೇಳ್ರಿ. ಕಾಲು, ಅರ್ಧ ನಿಮ್ಮ ಮನಿ ಆಸ್ತಿ ಏನು?”

“ಹೆಣ್ಣುಮಕ್ಕಳ ಕೂಡ ನಾ ಮಾತಾಡಾಂಗಿಲ್ಲ.”

“ಬ್ಯಾಡ್ರಿ. ಕೇಳಿಸ್ಕೊಂಡ್ರ ಸಾಕು. ನಿಮಗ ಟವಲು ಬೇಕು, ನನಗ ಬ್ಯಾಡ. ನಾ ಮುಚ್ಚದ ಕಲಿಸ್ತೀನಿ, ಹಗಲಾಗ ಕಲಿಸ್ತೀನಿ.”

ನಾನೂ ಅಮ್ಮನೂ ನಮ್ಮ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆವು. ತಂದೆಗೆ ದಲಾಲಿ ಬಿಟ್ಟರೆ ಬೇರೆ ಕಸುಬಿರಲಿಲ್ಲ. ಟ್ರೈನಿಂಗಿನ ಖರ್ಚು ನಡೆಯುತ್ತಿದ್ದದ್ದೂ ಅದರಿಂದಲೇ, ಇನ್ನೂ ಒಂದು ವರ್ಷದ ಓದು ಬಾಕಿಯಿತ್ತು. ತಂದೆ ಹೆಗಲ ಮೇಲಿನ ಟವಲು ತೆಗೆದು ಮಗಳ ಕಡೆ ಚಾಚಿದರು.

“ತಗೋಯವ್ವಾ. ನಿನಗ ಹಲಗಿ ಒರಸಾಕ ಅರಿವಿ ಇಲ್ಲ. ಇದನ್ನ ಇಟ್ಕೊ.”

ದಲಾಲರು ಎದ್ದು ಹೋದರು, ಹೇಳಿದಂತೆಯೇ ಮಾಡಿದರು. ತಂದೆ ಆ ಹಂಗಾಮು ಪೂರ್ತಿ ಮನೆಯಲ್ಲಿ ಕೂತರು. ಆಮೇಲೆ ಎಮ್ಮಿಗನೂರಿನ ನೇಕಾರರಿಗೆ ನೂಲು ಸರಬರಾಜು ಮಾಡುವ ಸಣ್ಣ ವ್ಯಾಪಾರ ಹಿಡಿದು, ಬಿಸಿಲಲ್ಲಿ ಬಂಡಿಯ ಮೇಲೆ ಓಡಾಡಿ ಮಗಳನ್ನು ಓದಿಸಿದರು. ಅಷ್ಟಾದರೂ ಅಕ್ಕ ಮೊದಲ ಸಲ ಮಾದರಿ ಪಾಠದಲ್ಲಿ ನಪಾಸಾದರು. ಬೆರಳು ಹಿಡಿದು ಲೆಕ್ಕ ಕಲಿಸುವುದು ಪಾಠದ ಕ್ರಮವಲ್ಲ ಎಂದರಂತೆ ಪರೀಕ್ಷಕರು. ಮುಂದಿನ ಸಲವೂ ಅಕ್ಕ ಅದನ್ನೇ ಮಾಡಿ ತೋರಿಸಿದರು. ಈ ಸಲ ಬಂದಿದ್ದವರು ಬೇರೆ ಪರೀಕ್ಷಕರು, ಪಾಸು ಮಾಡಿದರು. “ಪಾಠ ಅದೇ, ನೋಡೋ ಕಣ್ಣು ಬ್ಯಾರೆ” ಎಂದು ಅಕ್ಕ ಸಿಟ್ಟಿನಲ್ಲೇ ಹೇಳಿದ್ದು ನೆನಪಿದೆ. ಪಾಸಾದ ಸಂತೋಷ ಅವರ ಮುಖದಲ್ಲಿ ಕಾಣಲಿಲ್ಲ.

ಕೆಲಸ ಮಾತ್ರ ಬರಲಿಲ್ಲ. ಬೋರ್ಡಿನ ಕಚೇರಿಗೆ ಹೋದಾಗಲೆಲ್ಲ ಅಲ್ಲಿನ ಗುಮಾಸ್ತ ತಲೆ ಎತ್ತದೆ “ಖಾಳೀಲು ಲೇವಮ್ಮಾ” ಎನ್ನುತ್ತಿದ್ದ. ಅಕ್ಕ ತೆಲುಗಿನಲ್ಲೇ ಅವನಿಗೆ, ಜಾಗ ಖಾಲಿ ಇಲ್ಲದಿದ್ದರೆ ಹುಡುಗಿಯರು ಯಾಕೆ ಬೀದಿಯಲ್ಲಿದ್ದಾರೆ ಎಂದು ಕೇಳಿ ಬರುತ್ತಿದ್ದರು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಹೊಸ ನೇಮಕವೇ ನಿಂತು, ಆ ಉತ್ತರವೂ ಸಿಗದಾಯಿತು. ಪಡಸಾಲೆಯ ಸಾಲಿ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಜಿನ್ನಿನ ಭೋಂಗಾ ಸೀಟಿ ಕೂಗಿದಾಗ ಅದು ಶುರು, ಮತ್ತೆ ಕೂಗಿದಾಗ ಮುಕ್ತಾಯ.

ನಾನು ಟ್ರೈನಿಂಗಿಗೆ ಹೋಗುತ್ತೇನೆಂದಾಗ ನಮ್ಮಪ್ಪ ಎದುರುಮನೆಯನ್ನೇ ಬೆರಳು ಮಾಡಿ ತೋರಿಸಿದರು. “ಆಕೀ ಕಲಿತು ಏನ್ ಕಡಿದಾಳ?” ನಾನು, “ನನ್ನ ತಯಾರು ಮಾಡ್ಯಾಳ” ಎಂದೆ. ಆ ಮಾತು ಎಲ್ಲಿಂದ ಬಂತೋ ನನಗೇ ಆಶ್ಚರ್ಯ. ಅಮ್ಮ ಒಳಗಿನಿಂದ, “ಹೋಗಲಿ ಬಿಡ್ರಿ” ಎಂದಳು. ದಿನಾ ನನ್ನ ತಲೆಗೆ ತಣ್ಣೀರು ಸುರಿದವಳು ಅವಳೇ.

ಯುದ್ಧ ಮುಗಿದ ಮೇಲೆ ಹೆಣ್ಣುಮಕ್ಕಳ ಸಾಲಿಗೆ ಒಬ್ಬ ಟೀಚರು ಬೇಕೆಂದು ಬೋರ್ಡಿನವರು ಕರೆದರು. ಇದ್ದದ್ದು ಒಂದೇ ಜಾಗ. ಅಕ್ಕನೂ ಅರ್ಜಿ ಹಾಕಿದರು, ನಾನೂ ಹಾಕಿದೆ. ಅವರಿಗೋಸ್ಕರ ನಾನು ಹಿಂದೆ ಸರಿಯುತ್ತೇನೆಂದು ಹೇಳಲು ಹೋದರೆ ಬೆರಳು ಹಿಡಿದು ಹಿಸುಕಿದರು.

“ದಾನ ಮಾಡಾಕ ಬಂದಿಯೇನು? ಕಪಾಳಕ್ಕ ಹೊಡೀತೀನಿ. ಬರೋದಿದ್ರ ನನಗ ಬರ್ತೈತಿ, ಇಲ್ಲಾ ನಿನಗ ಬರ್ತೈತಿ.”

ಬಂದದ್ದು ನನಗೆ. ಅಕ್ಕನಿಗೆ ವಯಸ್ಸು ದಾಟಿದೆ ಎಂದರು. “ನಾ ಬಂದಾಗ ಜಾಗ ಇರಲಿಲ್ಲ, ಜಾಗ ಬಂದಾಗ ನಾ ಮುದುಕಿ ಆದ್ನಿ. ಎರಡೂ ಹೇಳ್ದೋನು ಒಬ್ಬನೇ, ಅದೇ ಕುರ್ಚಿಮ್ಯಾಗ ಕುಂತು” ಎಂದು ಅಕ್ಕ ಇಡೀ ಓಣಿಗೆ ಕೇಳುವಂತೆ ಕೂಗಾಡಿದರು. ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಭೋಂಗಾ ಕೂಗಿದಾಗ ಎದ್ದು ಮುಖ ತೊಳೆದು ಪಡಸಾಲೆಗೆ ಬಂದು ಪಾಠ ಶುರು ಮಾಡಿದರು. ನನ್ನ ಮೊದಲ ದಿನ ನನ್ನ ಕ್ಲಾಸಿನ ಹಿಂದಿನ ಸಾಲಿನಲ್ಲಿ ಬಂದು ಕೂತು, ಮುಗಿದ ಮೇಲೆ ಹೇಳಿದ್ದು ಇಷ್ಟೇ: “ನಿನ್ನ ದನಿ ಹಿಂದ ಕುಂತೋರಿಗೆ ಮುಟ್ಟಾಂಗಿಲ್ಲ. ಅವರೂ ನಿನ್ನ ಮಕ್ಕಳೇ. ನಾಳಿ ಮತ್ತ ಬರ್ತೀನಿ.”

ಮರುದಿನವೂ ಬಂದರು.

ಎರಡು ಬೇಸಿಗೆ ಕಳೆದ ಮೇಲೆ ಬಿಟ್ಟೂಬಿಡದೆ ಬರುತ್ತಿದ್ದ ಜ್ವರದಲ್ಲಿ ಅಕ್ಕ ತೀರಿಕೊಂಡರು. ಸುದ್ದಿ ಬಂದಾಗ ನನ್ನ ಸಾಲಿಯಲ್ಲಿ ಇನ್ಸ್‌ಪೆಕ್ಟರು ಕೂತಿದ್ದರು. ಸಾಲಿ ಮುಚ್ಚಿ ಹುಡುಗಿಯರನ್ನು ಕರೆದುಕೊಂಡು ಹೋಗುತ್ತೇನೆಂದೆ. ಯಾಕೆಂದು ಕೇಳಿದರು. ಅಕ್ಕನ ಹೆಸರು ಹೇಳಿ, ನಮ್ಮ ಟೀಚರು ತೀರಿಕೊಂಡರು ಎಂದೆ. ಬೋರ್ಡಿನ ಕಡೆಯವರಿಗೆಲ್ಲ ಅಕ್ಕ ಗೊತ್ತಿದ್ದರು.

“ಯಾವ ಸ್ಕೂಲಿನ ಟೀಚರಮ್ಮಾ? ಆಕೆಗೆ ಪೋಸ್ಟೇ ಇರಲಿಲ್ಲವಲ್ಲ.”

“ಪೋಸ್ಟು ಇರಲಿಲ್ಲ. ಟೀಚರು ಇದ್ದರು” ಎಂದೆ. ಬೇಕಾದರೆ ನನ್ನ ಮೇಲೆ ಬರೆದುಕೊಳ್ಳಿ ಎಂದೂ ಹೇಳಿ, ಅವರು ಹೊರಗೆ ಬರುವವರೆಗೆ ಬೀಗ ಹಿಡಿದು ಬಾಗಿಲಲ್ಲಿ ನಿಂತೆ. ಅವರು ಬರೆದರು. ನನಗೆ ಅದರಿಂದ ಬಹಳ ದಿನ ತೊಂದರೆಯೂ ಆಯಿತು, ಆಗಲಿ.

ಅವರ ಮನೆತನದ ಪದ್ಧತಿಯಂತೆ ಅಕ್ಕನಿಗೆ ವಿಭೂತಿ ಹಚ್ಚಿ, ಹೂ ಮುಡಿಸಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಅಳುತ್ತಿದ್ದ ಹೆಂಗಸರ ನಡುವೆ ನನ್ನ ಹುಡುಗಿಯರು ಗಾಬರಿಯಾಗಿ ನಿಂತರು. ಆಮೇಲೆ, ಕೂತಿದ್ದ ಅಕ್ಕನ ಎದುರಿಗೆ, ಯಾರೂ ಹೇಳದೆ, ಸಾಲಾಗಿ ಕೂತುಬಿಟ್ಟರು. ಹೊರಗೆ ಹೊರಡುವ ಗಡಿಬಿಡಿ ಶುರುವಾಗಿತ್ತು. ಹಿರಿಯರೊಬ್ಬರು ಬಂದು, “ಮಕ್ಕಳನ್ನ ಎಬ್ಬಿಸವ್ವಾ, ಹೊತ್ತಾತು” ಎಂದರು.

“ತಡೀರಿ. ಸಾಲಿ ಬಿಡೋ ಹೊತ್ತು ಇನ್ನಾ ಆಗಿಲ್ಲ” ಎಂದು ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ.