ಮುಯ್ಯಿ ಕಟ್ಟಿ ಆಡಿದ ಮ್ಯಾಚು

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಟ್ಟೆ ಅಂತ ಯಾರ ಮುಂದೂ ತಲೆ ತಗ್ಗಿಸಿದವನಲ್ಲ. ತಾಳಗುಂದದಲ್ಲಿ ನನ್ನ ಹೊಲ ಇದೆ, ನನ್ನ ಟ್ರ್ಯಾಕ್ಟರಿದೆ, ಗೋವಿನಜೋಳ ಒಕ್ಕುವ ನನ್ನದೇ ಮಷಿನ್ನಿದೆ. ಸುಗ್ಗಿ ಬಂತೆಂದರೆ ಆ ಮಷಿನ್ನಿನ ಸದ್ದು ಕೇಳಿಯೇ ಸುತ್ತಿನವರು ನಾನು ಯಾರ ಕಣದಲ್ಲಿದ್ದೇನೆ ಅಂತ ಹೇಳುತ್ತಾರೆ. ಇಂಥ ನಾನು ಒಂದು ಕ್ರಿಕೆಟ್ ಮ್ಯಾಚಿನ ಮೇಲೆ ಪಂಥ ಕಟ್ಟಿ, ಸೋತು, ಸೊರಬ ಸೀಮೆಯ ಹೊಸಬಾಳೆಯಲ್ಲಿ ಮೊಣಕಾಲುದ್ದ ಕೆಸರಿಗಿಳಿದು, ನಾಟಿ ಹಾಕುವ ಹೆಂಗಸರಿಗೆಲ್ಲ ದಿನವಿಡೀ ನಗಲು ಒಂದು ವಸ್ತುವಾದೆ. ಅದನ್ನು ಬರೆಯಲು ಕೂತರೆ ಈಗಲೂ ನನಗೆ ನಗುವೇ ಮುಂದಾಗುತ್ತದೆ.

ಪಂಥ ಕಟ್ಟಿದ್ದು ಭಾವನ ಜೊತೆ, ಅಂದರೆ ನನ್ನ ಅಕ್ಕನ ಗಂಡನ ಜೊತೆ. ಒಳ್ಳೆಯ ಮನುಷ್ಯ, ಆದರೆ ಮೂಗಿನ ತುದಿಯಲ್ಲಿ ಮಾನ. ನಾವು ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ ದಿನ ನಮ್ಮ ಕಡೆಯ ಹಿರಿಯರೊಬ್ಬರು ಊಟದ ಪಂಕ್ತಿಯಲ್ಲಿ, "ಅಳಿಯಂದ್ರು ಉಣ್ಣೋ ಹೊತ್ತಿಗೆ ಸರಿಯಾಗಿ ಬಂದ್ರು ನೋಡ್ರಪ" ಅಂತ ತಮಾಷೆ ಮಾಡಿದರು. ಬಸ್ಸು ಕೆಟ್ಟು ತಡವಾಗಿದ್ದು ಅವರಿಗೇನು ಗೊತ್ತು? ಎಲ್ಲರೂ ನಕ್ಕರು. ಭಾವ ನಗಲಿಲ್ಲ. ಎಲೆಗೆ ಬಡಿಸಿದ್ದನ್ನು ಉಂಡು, ಕೈ ತೊಳೆದು, "ಇನ್ನು ಉಣ್ಣೋಕೆ ಅಂತ ಈ ಮನೆಗೆ ಬರಲ್ಲ" ಅಂದು ಹೋದವರು ಮತ್ತೆ ಬರಲೇ ಇಲ್ಲ. ನಾನು ಎಷ್ಟು ಸಲ ಹೋಗಿ ಕರೆದೆನೋ! ಪ್ರತಿ ಸಲವೂ ನಗುತ್ತಲೇ ಟೀ ಕೊಟ್ಟು, ನಗುತ್ತಲೇ ಕಳಿಸಿದರು. ಹಬ್ಬಕ್ಕೆ ಅಕ್ಕ ಒಬ್ಬಳೇ ಬರುತ್ತಿದ್ದಳು. ಬಂದವಳು ಮಧ್ಯಾಹ್ನದಿಂದಲೇ ಬಾಗಿಲ ಕಡೆ ನೋಡುತ್ತಿದ್ದಳು. ನಮ್ಮ ಮನೆಗೆ ಅಂದವಾದ ಟೈಲ್ಸು ಹಾಕಿಸಿದ್ದೆ, ಆದರೆ ಅಕ್ಕನ ಆ ಮುಖ ನೋಡಿದ ದಿನ ಟೈಲ್ಸಿನ ಮೇಲೆ ಕಾಲಿಡಲೂ ಬೇಜಾರು.

ಕೆಲಸ ಇದೆ ಬನ್ನಿ ಅಂತ ಕರೆದರೆ ಬರುತ್ತಿದ್ದರೇನೋ. ಆದರೆ ಮನೆಯ ಅಳಿಯನನ್ನು ಹೊಲದ ಕೆಲಸಕ್ಕೆ ಕರೆಯುವುದುಂಟೆ? ಊರು ಏನಂದೀತು?

ಹಿಂಗಿರುವಾಗ ಒಂದು ದಿನ ಮಷಿನ್ನಿನ ಬೇರಿಂಗ್ ತರಲು ಆನವಟ್ಟಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಭಾವ ಕೂತಿದ್ದರು, ಕೈಯಲ್ಲಿ ಫೋನು. ಮರುದಿನ ಕ್ರಿಕೆಟ್ ಫೈನಲ್ಲು. ಆಗ ಫೋನಿನಲ್ಲಿ ಟೀಮು ಕಟ್ಟಿ ದುಡ್ಡು ಹಚ್ಚುವ ಆಪುಗಳು ರಾಜಾರೋಷವಾಗಿ ನಡೆಯುತ್ತಿದ್ದವು, ಟಿವಿಯಲ್ಲೇ ಜಾಹೀರಾತು.

"ನೋಡು ಮಾರಾಯ," ಭಾವ ಫೋನನ್ನು ನನ್ನ ಮೂಗಿಗೇ ತಂದರು. "ಹನ್ನೊಂದು ಜನರ ಟೀಮು ಕಟ್ಟಿದೀನಿ. ಐವತ್ತು ರೂಪಾಯಿ ಹಾಕಿದ್ರೆ ಲಕ್ಷ ಬರಬಹುದು."

"ಬಂದೈತೇನ್ರಿ ಯಾವಾಗಾದ್ರೂ?"

"ಬರಬಹುದು ಅಂದೆ."

ಟೀ ಇಡುತ್ತಿದ್ದ ಹೋಟೆಲಿನವರು, "ನಿಮ್ಮ ಭಾವಾರು ಎರಡು ವರ್ಷದಿಂದ ಬರಬಹುದು ಅಂತಾನೇ ಅದಾರ್ರೀ" ಅಂದರು.

"ಕಾನೂನಿಗೆ ವಿರೋಧ ಏನಲ್ಲ ಇದು," ಭಾವ ಬಿಡಲಿಲ್ಲ. "ಅಮೆರಿಕದಲ್ಲಿ ಒಂದು ರಾಜ್ಯದಲ್ಲಿ ಸರ್ಕಾರಾನೇ ಪರ್ಮಿಷನ್ ಕೊಟ್ಟಿದೆಯಂತೆ. ಮನೇಲಿ ಕೂತು ಫೋನಲ್ಲೇ ಪಂಥ ಕಟ್ಟೋದು, ಸರ್ಕಾರಕ್ಕೆ ಟ್ಯಾಕ್ಸು ಕಟ್ಟೋದು. ವಿಡಿಯೋದಲ್ಲಿ ತೋರ್ಸಿದ್ರು."

"ಅಲ್ಲಿ ಸೋತೋರು ಏನ್ ಮಾಡ್ತಾರಂತ್ರಿ?"

"ಸೋತೋರದ್ದು ವಿಡಿಯೋ ಯಾರು ಮಾಡ್ತಾರೆ ಮಾರಾಯ?"

ಹೋಟೆಲಿನವರೂ ನಾನೂ ಒಟ್ಟಿಗೇ ನಕ್ಕೆವು. ನಗುವಾಗಲೇ ನನ್ನ ತಲೆಯಲ್ಲಿ ಒಂದು ದೀಪ ಹತ್ತಿತು. ಭಾವ ಕರೆದರೆ ಬರುವವರಲ್ಲ, ಆದರೆ ಪಂಥ ಸೋತು ಮಾತಿಗೆ ತಪ್ಪುವವರೂ ಅಲ್ಲ.

"ಭಾವ, ಆ ಫೋನ್ ಒಳಗಿಡ್ರಿ. ದುಡ್ಡು ಯಾರು ಬೇಕಾದ್ರೂ ಹಚ್ತಾರ. ನಾವಿಬ್ಬರೂ ಮೈ ಹಚ್ಚೋಣು. ನಾನು ಸೋತ್ರ ನಿಮ್ಮ ಗದ್ದೆ ನಾಟಿಗೆ ಒಂದಿನ ಬರ್ತೀನಿ. ನೀವು ಸೋತ್ರ ನನ್ನ ಹೊಲಕ್ಕ ಒಂದಿನ ತೆನೆ ಮುರಿಯಾಕ ಬರಬೇಕು."

ಭಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಟ್ರ್ಯಾಕ್ಟರ್ ಸಾವ್ಕಾರ್ರು ಕೆಸರಿಗೆ ಇಳೀತಾರಾ?"

"ಇಳಿಯೋ ಪ್ರಸಂಗ ಬರಂಗಿಲ್ಲ. ನೀವು ಯಾರ ಕಡೆ ಹೇಳ್ರಿ."

"ಕೇಳೋದೇನು? ಬೆಂಗಳೂರು!"

ನನಗೆ ಬೇಕಾದದ್ದೂ ಅದೇ. ಎಷ್ಟು ವರ್ಷದಿಂದ ಆಡಿದರೂ ಬೆಂಗಳೂರಿನ ತಂಡ ಒಂದು ಸಲವೂ ಕಪ್ಪು ಎತ್ತಿರಲಿಲ್ಲ. "ಹಂಗಾದ್ರ ನಾನು ಎದುರಿನೋರ ಕಡೆ" ಅಂದೆ. ಹೋಟೆಲಿನವರು ನನ್ನ ಮುಂದಿಟ್ಟಿದ್ದ ಟೀ ಲೋಟವನ್ನು ವಾಪಸ್ ಎಳೆದುಕೊಂಡು, "ಕನ್ನಡದೋರೇನ್ರೀ ನೀವು?" ಅಂದರು.

ಆ ಸಲವೇ ಬೆಂಗಳೂರು ಗೆದ್ದುಬಿಡಬೇಕೆ! ಕೊನೆಯ ಓವರಿನ ಹೊತ್ತಿಗೆ ನನ್ನ ಸ್ಥಿತಿ ಯಾರಿಗೂ ಬೇಡ. ಊರೆಲ್ಲ ಕುಣಿಯುತ್ತಿದೆ, ನನಗೂ ಕುಣಿಯಬೇಕು, ಕುಣಿದರೆ ನನ್ನ ಸೋಲಿಗೇ ಕುಣಿದ ಹಾಗೆ. ನನ್ನ ಹೆಂಡತಿ, "ನೀವು ಅಳಾಕ ಹತ್ತೀರೋ ನಗಾಕ ಹತ್ತೀರೋ?" ಅಂತ ಕೇಳಿದಳು. ಕೊನೆಗೆ ಎದ್ದು ಕುಣಿದೆ. ಮಾರನೇ ದಿನ ಬೆಂಗಳೂರಿನಿಂದ ಬಂದ, ಗೆಲುವಿನ ಮೆರವಣಿಗೆಗೆ ಸೇರಿದ ಜನರ ನೂಕುನುಗ್ಗಲಿನ ಸಾವಿನ ಸುದ್ದಿಗೆ ಪಟಾಕಿ ಹಚ್ಚಿದ ಕೈಗಳೆಲ್ಲ ತಣ್ಣಗಾದವು. ಅದಕ್ಕೇ ಇರಬೇಕು, ಭಾವ ವಾರದವರೆಗೆ ಫೋನು ಮಾಡಲಿಲ್ಲ. ಆಮೇಲೆ ಮಾಡಿದರು, ಒಂದೇ ಮಾತು. "ಗದ್ದೆಗೆ ನೀರು ನಿಂತ ಮೇಲೆ ಹೇಳ್ತೀನಿ."

ನೀರು ನಿಂತ ಮೇಲೆ ಹೇಳಿದರು. ಬೈಕಿನಲ್ಲಿ ಹೊಸಬಾಳೆಗೆ ಹೋದೆ. ಗದ್ದೆ ಬದುವಿನ ಮೇಲೆ ಹೆಂಗಸರು ಮಳೆಗೆ ತಲೆಯಿಂದ ಬೆನ್ನಿಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ನನಗೇ ಕಾಯುತ್ತಿದ್ದ ಹಾಗೆ ನಿಂತಿದ್ದರು. ಭಾವ ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದರು.

"ಸಸಿ ಕಟ್ಟು ಹೊತ್ತು ಹಾಕು, ಸಾಕು" ಅಂದರು ಭಾವ.

ನನಗೆ ಸಿಟ್ಟು ಬಂತು. "ಪಂಥ ನಾಟಿಗೆ ಕಟ್ಟಿದ್ದು. ನಾಟೀನೇ ಹಾಕ್ತೀನಿ."

ಒಣ ಹೊಲದಲ್ಲಿ ನನ್ನಷ್ಟು ಚುರುಕು ನಡೆಯುವವರಿಲ್ಲ. ಆ ಕೆಸರು ಮಾತ್ರ ನನ್ನ ಕಾಲನ್ನು ಹಿಡಿದುಕೊಂಡು, ಬಿಡಲೋ ಬೇಡವೋ ಅಂತ ಯೋಚನೆ ಮಾಡುತ್ತಿತ್ತು. ಒಂದು ಕಾಲು ಕಿತ್ತರೆ ಇನ್ನೊಂದು ಆಳಕ್ಕೆ. ಹೆಂಗಸರು ಹಿಂದಕ್ಕೆ ಹೆಜ್ಜೆ ಇಡುತ್ತಾ ಸರಸರ ಸಸಿ ಊರಿಕೊಂಡು ಹೋಗುತ್ತಿದ್ದರು. ನಾನು ಎದ್ದು ಸೊಂಟ ನೀವಿಕೊಂಡು ನೋಡಿದರೆ ನನ್ನ ಸಾಲು ಹಾವು ಹರಿದ ಹಾಗೆ ಹೋಗಿತ್ತು.

"ಟ್ರ್ಯಾಕ್ಟರ್ ತಿರುಗಿಸೋಕೆ ಜಾಗ ಬಿಟ್ಟಿದಾರೆ ಕಣೇ" ಅಂದಳು ಒಬ್ಬಳು.

"ರಿವರ್ಸ್ ಗೇರು ಹಾಕೋದು ಗೊತ್ತಿಲ್ಲ ಅಣ್ಣಂಗೆ" ಅಂದಳು ಇನ್ನೊಬ್ಬಳು.

ಅಷ್ಟರಲ್ಲಿ ಹಿಂದಕ್ಕಿಟ್ಟ ಹೆಜ್ಜೆ ಸಿಕ್ಕಿಹಾಕಿಕೊಂಡು ನಾನು ಕೂತೇಬಿಟ್ಟೆ, ಸೊಂಟದವರೆಗೆ. ಅಕ್ಕ ಬದುವಿನ ಮೇಲೆ ನಿಂತು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಕೆ ಹಾಗೆ ನಕ್ಕಿದ್ದನ್ನು ನೋಡಿ ಎಷ್ಟು ದಿನವಾಗಿತ್ತೋ! ಇನ್ನೊಂದು ಸಲ ಬೀಳಲೂ ನಾನು ತಯಾರಿದ್ದೆ. ಆದರೆ ಬಿದ್ದೆ ಅಂತ ಬಿಡಲಿಲ್ಲ. ನನ್ನ ಪಾಲಿನ ಗದ್ದೆ ಮುಗಿಸಿಯೇ ಎದ್ದೆ. ಕೊನೆಯ ಸಾಲುಗಳು ನೆಟ್ಟಗಿದ್ದವು. ಬೇಕಾದರೆ ಹೋಗಿ ಆ ಹೆಂಗಸರನ್ನೇ ಕೇಳಬಹುದು.

ಮಧ್ಯಾಹ್ನ ಮನೆಯ ಜಗಲಿಯಲ್ಲಿ ಊಟ. ಅಕ್ಕಿ ರೊಟ್ಟಿ, ಕಳಲೆ ಪಲ್ಯ, ಬಿಸಿ ಅನ್ನ. ಬಡಿಸುತ್ತಿದ್ದವರು ಅಕ್ಕನ ಅತ್ತೆ, ಭಾವನ ತಾಯಿ. ನಾನೂ ಅವರನ್ನು ಅತ್ತೆ ಅಂತಲೇ ಕರೆಯುವುದು. ಕಿವಿ ಸ್ವಲ್ಪ ಮಂದ, ಆದರೆ ಮಾತು ಚೂರಿ. ಭಾವ ಪಂಥದ ಕಥೆಯನ್ನು ಅವರಿಗೆ ಜೋರಾಗಿ ಹೇಳಿದರು, ತಾವು ಗೆದ್ದ ಭಾಗವನ್ನು ಎರಡು ಸಲ.

ಅತ್ತೆ ಸೌಟು ಕೆಳಗಿಟ್ಟರು. "ಇವತ್ತಿನ ಕೂಲಿ ಕೊಟ್ಯನಾ ಅವಂಗೆ?"

"ಕೂಲಿ ಯಾಕೆ ಅಮ್ಮಾ? ಪಂಥ ಸೋತಿದಾನೆ."

"ಅಕ್ಕನ ಮನ್ಯಾಗ ಕೂಲಿ ತಗೊಳ್ಳೋನಲ್ಲ ನಾನು, ಅತ್ತೆ" ಅಂದೆ.

"ಹಂಗಾರೆ ಮುಯ್ಯಿ."

ಭಾವನ ಕೈ ಎಲೆಯ ಮೇಲೆ ನಿಂತಿತು. ನಮ್ಮ ಕಡೆ ಈಗೆಲ್ಲ ಆಳು ಅಂದರೆ ದುಡ್ಡು. ಅವರ ಕಡೆ ನಾಟಿಗೆ ಮುಯ್ಯಿ ಇನ್ನೂ ನಡೆಯುತ್ತದೆ. ಇವತ್ತು ನೀವು ನನ್ನ ಗದ್ದೆಗೆ ಬಂದರೆ ನಾಳೆ ನಾನು ನಿಮ್ಮ ಗದ್ದೆಗೆ ಬರಲೇಬೇಕು. ಬರದಿದ್ದರೆ ಮುಂದಿನ ವರ್ಷ ಆ ಮನೆಯ ಗದ್ದೆಗೆ ಯಾರೂ ಇಳಿಯುವುದಿಲ್ಲ.

"ಅಮ್ಮಾ, ಗೆದ್ದೋನು ನಾನು! ಗೆದ್ದೋನೂ ಕೆಲಸಕ್ಕೆ ಹೋಗೋದು ಅಂದ್ರೆ ಅದೆಂಥ ಪಂಥ?"

"ನಿನ್ನ ಪಂಥ ಗಿಂಥ ನಂಗೆ ತಿಳಿಯಲ್ಲ. ಅವನು ನಮ್ಮ ಗದ್ದೆಗೆ ಇಳಿದಿದ್ದು ಹೌದನಾ ಅಲ್ಲನಾ? ಈ ಮನೇಲಿ ಯಾರ ಮುಯ್ಯಿನೂ ನಾನು ಉಳಿಸ್ಕಂಡಿಲ್ಲ. ನಾ ಸಾಯೋದ್ರೊಳಗೆ ತೀರ್ಸು."

ಜಗಲಿಯಲ್ಲಿ ಕೂತ ಹೆಂಗಸರೆಲ್ಲ ಒಂದೇ ಸಮ ನಕ್ಕರು. ನಾನು ತಲೆ ಬಗ್ಗಿಸಿ ಕಳಲೆ ಪಲ್ಯ ಉಂಡೆ. ಮುಖ ಎತ್ತಿದ್ದರೆ ನನ್ನ ಖುಷಿ ಭಾವನಿಗೆ ಕಂಡುಬಿಡುತ್ತಿತ್ತು. ಸೋತವನು ಅಷ್ಟು ಖುಷಿ ತೋರಿಸಬಾರದು.

ಅದಾದ ಸ್ವಲ್ಪ ದಿನಕ್ಕೆ ಸರ್ಕಾರ ಕಾಯ್ದೆ ತಂದು ದುಡ್ಡಿನ ಆಟದ ಆಪುಗಳಿಗೆಲ್ಲ ಬಾಗಿಲು ಹಾಕಿಸಿತು. ಭಾವ ಫೋನು ಮಾಡಿ, "ಎಲ್ಲ ಬಂದಾಯ್ತು ಮಾರಾಯ. ನಿನ್ನ ಮುಯ್ಯಿ ಒಂದು ಉಳೀತು" ಅಂದರು. ಬರುತ್ತೇನೆ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಹೊಲದಲ್ಲಿ ಗೋವಿನಜೋಳದ ತೆನೆ ಒಣಗಿ ಜೋತುಬಿದ್ದವು. ಯಾರಿಗೆ ಮುಯ್ಯಿ ಬರಬೇಕೋ ಅವನೇ ದಿನ ಹೇಳಬೇಕು, ಅದೂ ರಿವಾಜು. ಮೂರು ಸಲ ಫೋನು ಎತ್ತಿ ಮೂರು ಸಲ ಇಟ್ಟೆ. ಕೊನೆಗೆ ನನ್ನ ಹೆಂಡತಿಯೇ ನಂಬರು ಒತ್ತಿ ನನ್ನ ಕಿವಿಗೆ ಹಿಡಿದಳು. "ಭಾವ, ಸೋಮವಾರ ತೆನೆ ಮುರಿಯೋದೈತಿ" ಅಂದೆ. ಆ ಕಡೆಯಿಂದ ಭಾವ, "ಅಮ್ಮ ದಿನಾ ಕೇಳ್ತಾ ಇದೆ. ಬರ್ತೀನಿ."

ಬಂದರು. ಬೈಕಿನ ಹಿಂದೆ ಅಕ್ಕ. ಆದರೆ ಮನೆಯ ಮುಂದೆ ಬೈಕು ನಿಲ್ಲಿಸದೆ ನೆಟ್ಟಗೆ ಹೊಲಕ್ಕೇ ಬಿಟ್ಟರು. ಬೈಕಿನ ಹ್ಯಾಂಡಲಿಗೆ ಒಂದು ಟಿಫಿನ್ ಕ್ಯಾರಿಯರ್ ನೇತಾಡುತ್ತಿತ್ತು. ಅಕ್ಕ ನನ್ನನ್ನು ನೋಡಿ, ಏನು ಮಾಡಲಿ ತಮ್ಮಾ ಅನ್ನುವ ಹಾಗೆ ಕಣ್ಣಲ್ಲೇ ಹೇಳಿದಳು. ಬುತ್ತಿ ಕಟ್ಟಿಸಿಕೊಂಡು ಬಂದಿದ್ದಾರೆ! ಉಣ್ಣೋಕೆ ಬರಲ್ಲ ಅಂದ ಮಾತು ಹಾಗೇ ಇದೆ.

ಕೆಲಸದಲ್ಲಿ ಮಾತ್ರ ಭಾವ ಮೋಸ ಮಾಡಲಿಲ್ಲ. ಒಣಗರಿ ಅವರ ಕೈಯೆಲ್ಲ ಗೀರಿ ಕೆಂಪಗೆ ಮಾಡಿತು. "ಇದೇನು ಮಾರಾಯ, ಬೆಳೆಯೋ ಬೆಕ್ಕೋ?" ಅನ್ನುತ್ತಾ ತೆನೆ ಮುರಿದು ರಾಶಿಗೆ ಎಸೆದರು. ಎಸೆದ ತೆನೆ ಒಂದೆರಡು ನನ್ನ ಬೆನ್ನಿಗೇ ಬಿದ್ದವು. ಕೈತಪ್ಪಿ ಬಿದ್ದದ್ದು ಅಂದರು. ನಂಬಲಿಲ್ಲ.

ಬಿಸಿಲು ನೆತ್ತಿಗೆ ಬಂತು. ಭಾವ ಬೇವಿನ ಮರದ ಕೆಳಗೆ ಕೂತು ಕ್ಯಾರಿಯರ್‌ಗೆ ಕೈ ಹಾಕಿದರು. ಅಷ್ಟರಲ್ಲಿ ನನ್ನ ಹೆಂಡತಿ ಹೊಲಕ್ಕೆ ಬಂದಳು, ಬರಿಗೈಯಲ್ಲಿ. ನಾನು ಬುತ್ತಿ ತರುತ್ತಾಳೆ ಅಂದುಕೊಂಡಿದ್ದೆ.

"ಅಣ್ಣಾರೇ, ಒಂದು ಮಾತು ಕೇಳ್ತೀನಿ. ಮುಯ್ಯಿ ಅಂದ್ರ ಏನ್ರಿ?"

"ಕೆಲಸಕ್ಕೆ ಕೆಲಸ, ತಾಯಿ."

"ಅಷ್ಟೇನಾ? ನಾಟಿ ದಿನ ನಮ್ಮನೆಯವರು ನಿಮ್ಮ ಜಗಲಿ ಮೇಲೆ ಕೂತು ಅಕ್ಕಿ ರೊಟ್ಟಿ, ಕಳಲೆ ಪಲ್ಯ, ಅನ್ನ ಎಲ್ಲಾ ಉಂಡು ಬಂದಾರ. ಬಂದು ಎಂಟು ದಿನ ಅದನ್ನ ಹೊಗಳ್ಯಾರ. ಆ ಊಟ ಯಾರು ತೀರಿಸಬೇಕ್ರಿ? ನಿಮ್ಮ ಕೆಲಸ ತೀರ್ತು, ನಮ್ಮ ಊಟ ಉಳೀತು. ನಾವು ಬಾಕಿ ಉಳಿಸ್ಕಂಡೋರು ಅಂತ ಅನ್ನಿಸ್ಕಬೇಕೇನ್ರಿ? ಬೇಕಾದ್ರ ದೊಡ್ಡೋರಿಗೆ ಫೋನ್ ಹಚ್ರಿ, ಕೇಳೇಬಿಡೋಣು."

ಭಾವ ಕ್ಯಾರಿಯರ್ ಹಿಡಿದುಕೊಂಡೇ ಅಕ್ಕನನ್ನು ನೋಡಿದರು. ಅಕ್ಕ ಆಕಾಶ ನೋಡಿದಳು. ನನ್ನನ್ನು ನೋಡಿದರು. ನಾನು ತೆನೆ ರಾಶಿ ನೋಡಿದೆ. ಅತ್ತೆಗೆ ಫೋನು ಹಚ್ಚಿದರೆ ತೀರ್ಪು ಏನು ಬರುತ್ತದೆ ಅಂತ ನಾಲ್ವರಿಗೂ ಗೊತ್ತಿತ್ತು.

"ನಿನ್ನ ಹೆಂಡ್ತೀನ ವಕೀಲಿಕೆಗೆ ಕಳಿಸಬೇಕಿತ್ತು ಮಾರಾಯ" ಅಂತ ಎದ್ದರು.

ಮನೆ ಬಾಗಿಲಲ್ಲಿ ಕಾಲು ತೊಳೆಯಲು ನೀರು ಕೊಟ್ಟೆ. ಹೊಸಿಲು ದಾಟಿದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಜೊತೆಗೆ ಹೋಳಿಗೆ. ಇವಳು ಬೆಳಗಿನಿಂದಲೇ ಹೂರಣ ರುಬ್ಬಿಟ್ಟಿದ್ದಳು ಅಂತ ಆಗ ತಿಳಿಯಿತು. ಭಾವ ಮೊದಲನೇ ಹೋಳಿಗೆ ಹಾಗೇ ಉಂಡರು. ಎರಡನೆಯದಕ್ಕೆ ತುಪ್ಪ ಕೇಳಿದರು. ತುಪ್ಪ ತರಲು ಒಳಗೆ ಹೋದ ಅಕ್ಕ ಸ್ವಲ್ಪ ಹೊತ್ತು ಅಡಿಗೆಮನೆಯಲ್ಲೇ ಉಳಿದಳು. ಬಂದಾಗ ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು.

ಕೈ ತೊಳೆದ ಭಾವ ಟವೆಲ್ಲಿನಲ್ಲಿ ಒರೆಸಿಕೊಳ್ಳುತ್ತಾ ಮನೆಯನ್ನೆಲ್ಲ ಸುತ್ತಿದರು. ಗೋಡೆ ತಟ್ಟಿದರು, ಕಿಟಕಿ ತೆಗೆದು ಹಾಕಿದರು, ಅಟ್ಟ ನೋಡಿದರು.

"ಅಲ್ಲ ಮಾರಾಯ, ಈ ಕಿಟಕಿ ಇಲ್ಲಿ ಯಾರು ಇಡಿಸಿದ್ದು? ಗಾಳಿ ಎಲ್ಲಿಂದ ಬರಬೇಕು? ಮೆಟ್ಟಿಲೂ ಕಡಿದಾಗಿದೆ. ಮನೆ ಕಟ್ಟೋವಾಗ ನನ್ನ ಒಂದು ಮಾತು ಕೇಳಬಾರದಾಗಿತ್ತಾ?"

ನನ್ನ ಬೆವರಿನ ದುಡ್ಡಿನಲ್ಲಿ ಕಟ್ಟಿದ ಮನೆ ಅದು. ಬೇರೆ ಯಾರಾದರೂ ಅಂದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಆದರೆ ಉಂಡ ಮನೆಯಲ್ಲಿ ಇಷ್ಟು ಧೈರ್ಯವಾಗಿ ತಪ್ಪು ಹುಡುಕುವ ಹಕ್ಕು ಅಳಿಯನಿಗಲ್ಲದೆ ಇನ್ಯಾರಿಗುಂಟು?

"ತಪ್ಪಾತು ಭಾವ," ಅಂದೆ, "ಬರ್ರಿ, ಹಿತ್ತಲನೂ ನೋಡಿಬಿಡ್ರಿ. ಅಲ್ಲಿ ಇನ್ನೂ ಭಾಳ ತಪ್ಪು ಅದಾವು."