ಓಗು ಅಂದರೆ ಬರುವ ನಾಯಿ

ನಮ್ಮ ಮನೆಯ ನಾಯಿ 'ಬಾ' ಎಂದರೆ ಹೋಗುತ್ತದೆ. 'ಓಗು' ಎಂದರೆ ಬರುತ್ತದೆ. 'ಹೋಗು' ಎಂದರೆ ಏನೂ ಮಾಡುವುದಿಲ್ಲ, ಸುಮ್ಮನೆ ಮಲಗಿರುತ್ತದೆ. (ಶುದ್ಧ ಕನ್ನಡಕ್ಕೆ ಸಾಮಾನ್ಯವಾಗಿ ಸಿಗುವ ಪ್ರತಿಕ್ರಿಯೆ ಇದೇ.)

ಹೋದ ತಿಂಗಳು ತಿ. ನರಸೀಪುರದಿಂದ ಅದನ್ನು ನಂಜನಗೂಡಿನ ನಮ್ಮ ಮನೆಗೆ ತಂದೆ. ಅಲ್ಲಿ ಸಣ್ಣದೊಂದು ಹೋಟೆಲ್ ನಡೆಸುತ್ತಿದ್ದ ಸಿದ್ದಪ್ಪ ಎಂಬವರು ಬಾಗಿಲು ಮುಚ್ಚಿ ಮಗಳ ಮನೆಗೆ ಹೊರಟಿದ್ದರು. ಮಗಳ ಮನೆ ಮೂರನೇ ಮಹಡಿ. ನಾಯಿಗೆ ವಯಸ್ಸಾಗಿದೆ, ಎರಡೂ ಕಣ್ಣಿಲ್ಲ, ಹಾರ್ಟು ವೀಕು.

"ಇದ್ನ ಯಾರ್ ಸಾಕ್ತಾರೆ ಮೇಡಂ?" ಎಂದರು.

"ನಾನು" ಎಂದೆ. ಏಕೆ ಎಂದು ಕೇಳಬೇಡಿ. ಒಳ್ಳೆಯ ಕಾರಣವೊಂದನ್ನು ಈಗ ಕೂತು ಹೊಂದಿಸಬಹುದು. ಆದರೆ ಅದು ಆವತ್ತು ಇರಲಿಲ್ಲ.

ಡಾಕ್ಟರು ಹೇಳಿದ್ದು ಇಷ್ಟು: ದಿನಾ ಸಂಜೆ ಹಾರ್ಟಿನ ಮಾತ್ರೆಯನ್ನು ಊಟದಲ್ಲಿ ಕಲಸಿ ಕೊಡಬೇಕು. ತಪ್ಪಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ.

ಕಲಸಿದೆ. "ಬಾ ಬಾ" ಎಂದೆ. ನಾಯಿ ಎದ್ದು ಮಂಚದ ಕೆಳಗೆ ಹೋಯಿತು. ಬಟ್ಟಲನ್ನೇ ಅಲ್ಲಿಗೆ ತಳ್ಳಿದೆ. ಮುಖ ತಿರುಗಿಸಿತು. ಕರೆಯದೆ ಊಟಕ್ಕೆ ಕೂರಬಾರದು ಎಂಬ ಮರ್ಯಾದೆ ಇದ್ದಂತಿತ್ತು. ಬಾಯಿ ಬಿಡಿಸಿ ತುರುಕಲು ಹೋದೆ. (ಬ್ಯಾಂಡೇಜ್ ಮೊನ್ನೆ ಬಿಚ್ಚಿದರು.) ಎರಡು ಸಂಜೆ ಮಾತ್ರೆ ಹೊಟ್ಟೆಗೆ ಹೋಗಲಿಲ್ಲ. ಉಸಿರಾಟ ಗರಗಸ ಎಳೆದಂತಾಯಿತು. ಸಿದ್ದಪ್ಪನವರಿಗೆ ಫೋನ್ ಮಾಡಿದೆ.

"ಬಾ ಅಂದ್ರಾ? ಅಯ್ಯೋ, ಬಾ ಬಾ ಅನ್ನೋರ್ ಕೈಲಿ ಕಲ್ಲಿರ್ತದೆ ಅಂತ ಅದ್ಕೆ ಗೊತ್ತು ಮೇಡಂ. ಓಗು ಅನ್ನಿ. ಗಿರಾಕಿಗಳ ಎದ್ರುಗೆ ನಾಯ್ನ ಮುದ್ದು ಮಾಡಕ್ಕಾಯ್ತದಾ? ಓಗು ಅಂತ ಗದರ್ಸಿ, ಇಂದ್ಗಡೆ ಬಾಗ್ಲಲ್ಲಿ ಇಡ್ಲಿ ಆಕ್ತಿದ್ದೆ."

ಇಷ್ಟು ಚೆನ್ನಾಗಿ ಕೂಡಿಕೊಳ್ಳುವ ಕಥೆ ಕಂಡರೆ ನನಗೆ ಅನುಮಾನ. ಆದರೂ ನೋಡೋಣವೆಂದು "ಹೋಗು" ಎಂದೆ. ಏನಿಲ್ಲ. 'ಹ' ಬಿಟ್ಟು "ಓಗು" ಎಂದೆ. ಕಿವಿ ಅಲುಗಿತು, ಅಷ್ಟೇ. ನನ್ನದು ಬರೀ ಮಿಮಿಕ್ರಿ ಎಂದು ಅದಕ್ಕೆ ತಿಳಿದುಹೋಗಿತ್ತು.

ನಮ್ಮತ್ತೆ ಹುಲ್ಲಹಳ್ಳಿಯವರು. ಅವರ ಬಾಯಲ್ಲಿ 'ಹ' ಎಂದೂ ನಿಂತದ್ದಿಲ್ಲ. "ಅತ್ತೆ, ನೀವೊಂದ್ಸಲ ಹೇಳಿ" ಎಂದೆ.

"ನಾನ್ ಅನ್ನಾಕಿಲ್ಲ. ದೀಪ ಅಚ್ಚೋ ಒತ್ನಲ್ಲಿ, ಅದೂ ವಯಸ್ಸಾದ್ ಜೀವ್ಕೆ, ಓಗು ಅನ್ನಾದಾ? ನಿಮ್ ಮಾವ ಬಸ್‌ಸ್ಟ್ಯಾಂಡ್‌ಗೆ ಒಂಟಾಗ್ಲೂ ನಾನ್ ಓಗು ಅಂದೋಳಲ್ಲ."

ನಿಜ. ನಮ್ಮಲ್ಲಿ ಯಾರೂ ಹೋಗುವುದಿಲ್ಲ. ಎಲ್ಲರೂ 'ಬರ್ತೀನಿ' ಎಂದೇ ಹೊರಡುತ್ತೇವೆ. 'ಹೋದರು' ಎಂದರೆ ಅದು ಬೇರೆಯೇ ಸುದ್ದಿ.

"ನೀವು ಅನ್ನದಿದ್ರೆ ಅದು ಹೋಗೇ ಹೋಗುತ್ತೆ ಅತ್ತೆ."

ಮಂಚದ ಕೆಳಗಿನ ಸದ್ದನ್ನು ಅತ್ತೆ ಸ್ವಲ್ಪ ಹೊತ್ತು ಕೇಳಿದರು. ಎದ್ದು ದೇವರಮನೆ ಬಾಗಿಲು ಎಳೆದುಕೊಂಡು, "ಓಗ್ಲಾ!" ಎಂದರು.

ನಾಯಿ ಎದ್ದಿತು. ಗೋಡೆ ಸವರಿಕೊಂಡು ಬಂತು. ಅರ್ಧ ದಾರಿಯಲ್ಲಿ ಅತ್ತೆ ತಡೆಯಲಾರದೆ "ಬಾ" ಎಂದು ಸೇರಿಸಿದರು, 'ಓಗ್ ಬಾ' ಆಗಲಿ ಎಂದು. ನಾಯಿ ಅಲ್ಲಿಂದಲೇ ವಾಪಸ್ಸು.

"ಎಂಥ ಎಡವಟ್ ನಾಯ್ನ ತಂದ್ಯವ್ವ!"

ಈಗ ಒಂದು ಏರ್ಪಾಟಾಗಿದೆ. ಅತ್ತೆ ದಿನಾ ದೇವರಮನೆ ಬಾಗಿಲು ಹಾಕಿ "ಓಗು" ಎನ್ನುತ್ತಾರೆ. ನಾಯಿ ಬಟ್ಟಲು ನೆಕ್ಕಿ ಮುಗಿಸುವವರೆಗೆ ತುಟಿ ಬಿಗಿಹಿಡಿದು ನಿಲ್ಲುತ್ತಾರೆ. ಆಮೇಲೆ ಅದಕ್ಕೆ ಕೇಳಿಸದ ಹಾಗೆ ಗೋಡೆಯ ಕಡೆ ತಿರುಗಿ "ಬಾ" ಎನ್ನುತ್ತಾರೆ. ಮಾತ್ರೆ ಹೊಟ್ಟೆ ಸೇರುತ್ತಿದೆ. ಉಸಿರು ಸಲೀಸಾಗಿದೆ. "ಇನ್ನೆಷ್ಟು ದಿನ ಅಂತ ಹೇಳಕ್ಕಾಗಲ್ಲ" ಎಂದಿದ್ದಾರೆ ಡಾಕ್ಟರು. ಅದನ್ನು ಅತ್ತೆಗೆ ತಿಳಿಸಿಲ್ಲ.

ಯಾವ ಮಾತಿಗೂ ಉಲ್ಟಾ ನಡೆಯುವ ಈ ನಾಯಿ, ಒಂದು ಸಂಜೆ ಅತ್ತೆ ಹೇಳಿದ್ದನ್ನು ಹೇಳಿದ ಹಾಗೆಯೇ ಕೇಳಿಬಿಟ್ಟರೆ, ನಾನು ಅವರಿಗೆ ಏನು ಹೇಳಲಿ?