ಅತ್ತೆ ಮುಕ್ಕಳಿಸಿದ ಮೌತ್‌ವಾಶ್

ಗೆಳೆಯರೇ, ಇವತ್ತು ಮೌಳಂಗಿಯ ಹೊಳೆದಂಡೆಯಲ್ಲಿ ನಮ್ಮತ್ತೆ ಐಸ್‌ಕ್ರೀಮ್ ಕಚ್ಚಿದವರೇ ಕೆನ್ನೆ ಹಿಡಿದು ಚೀರಿಬಿಟ್ಟರು.

“ಏನಾತ್ರೀ ಅತ್ತಿ?”

“ಹಲ್ಲು ಜುಮ್ಮ್ ಅಂತಾವ ನೋಡವಾ. ನಿನ್ನ ಹಲ್ಲು ಬೆಳ್ಳಗ ಮಾಡೂ ನೀರು ದಿನಾ ಮ್ಯಾಲಿಂದ ಮ್ಯಾಲೆ ಮುಕ್ಕಳಿಸೇನಿ,” ಎಂದರು ಮೆಲ್ಲಗೆ.

ನನ್ನ ಮೌತ್‌ವಾಶ್!

ದಾಂಡೇಲಿಯ ಹಲ್ಲಿನ ಡಾಕ್ಟರ್ ಬಾಯಿ ತೆರೆಸಿ ನೋಡಿದರು. “ಅಮ್ಮಾರ, ಆ ನೀರು ಮ್ಯಾಲಿನ ಕಲೆ ಅಷ್ಟ ಸ್ವಲ್ಪ ತಿಳಿ ಮಾಡ್ತೈತಿ. ಅತಿ ಮಾಡಿದ್ರ ಹಲ್ಲು ಹಿಂಗ ಜುಮ್ಮ್ ಅಂತಾವ. ಬಿಟ್ರ ಕಡಿಮಿ ಆಗ್ತೈತಿ.”

“ಅದಿರ್ಲಿ. ಬೆಳ್ಳಗ ಆಗ್ಯಾವೇನ್ರಿ?” ಎಂದರು ಅತ್ತೆ.

ಡಾಕ್ಟರ್ ನಕ್ಕುಬಿಟ್ಟರು.

ಹಳಿಯಾಳಕ್ಕೆ ಮರಳುವಾಗ ಬಸ್ಸಿನ ಕಿಟಕಿಯಿಂದ ಸಾಗುವಾನಿ ಮರಗಳ ನೆರಳು ಅತ್ತೆಯ ಮುಖದ ಮೇಲೆ ತೇಲಿಹೋಗುತ್ತಿತ್ತು. ಕನಸಿನಲ್ಲಿದ್ದವರಂತೆ ಹೇಳಿದರು: “ನನ್ನ ಮದುವಿ ಫೋಟೋದಾಗ ಹಳದಿ ಹಲ್ಲು ಕಾಣಬಾರ್ದಂತ ತುಟಿ ಬಿಗಿಹಿಡದು ನಿಂತೀನಿ. ಮೊಮ್ಮಗಳ ಮದುವ್ಯಾಗರ ಬಾಯಿತುಂಬ ನಗಬೇಕವಾ.”

“ಈಗ ನಗ್ರಿ, ನೋಡೂಣು,” ಎಂದೆ.

ನಕ್ಕರು. ಹಲ್ಲು ಹಳದಿಯಾಗಿಯೇ ಇದ್ದವು. ಮುಂದಿನ ಸೀಟಿನಲ್ಲಿ ತಾಯಿಯ ಹೆಗಲ ಮೇಲಿದ್ದ ಕೂಸೊಂದು ಅವರನ್ನೇ ನೋಡುತ್ತಿದ್ದು, ತಾನೂ ಬಾಯಿತುಂಬ ನಕ್ಕಿತು.

ಅದಕ್ಕಿನ್ನೂ ಒಂದು ಹಲ್ಲೂ ಬಂದಿರಲಿಲ್ಲ.